ನಡುವೆ ನಿಲ್ಲಬೇಕಾದ ಪೀಕ್ ಪಕ್ಕಕ್ಕೆ ಒರಗಿದರೆ: ಧ್ವನಿ ಡಬ್ಬಿಗಳ ಸರಪಳಿಯಲ್ಲಿ ದೋಷ ಹುಡುಕುವುದು

ಲಕ್ಷಣ ಹೀಗಿದೆ. 3ಡಿ ಪ್ರಿಂಟರಿನಲ್ಲಿ ಮಾಡಿ, ಒಂದಕ್ಕೊಂದು ನಾಳದಿಂದ ಜೋಡಿಸಿದ 21 ಪೊಳ್ಳು ಡಬ್ಬಿಗಳ ಸರಪಳಿ ಸಿದ್ಧವಾಗಿದೆ. ಬದಿಯ ಒಂದು ಡಬ್ಬಿಯಲ್ಲಿ ಸದ್ದು ಕೊಟ್ಟು ಅಲ್ಲೇ ಅಳೆದರೆ, ಯಾವ ಆವರ್ತನದಲ್ಲಿ ಸದ್ದು ಎಷ್ಟು ಜೋರು ಎಂದು ತೋರಿಸುವ ರೇಖೆಯಲ್ಲಿ ಎರಡು ಗುಡ್ಡ, ಅವುಗಳ ನಡುವೆ ಒಂದು ಬಯಲು. ಇಲ್ಲಿಯವರೆಗೆ ಎಲ್ಲ ಪುಸ್ತಕದಲ್ಲಿದ್ದಂತೆಯೇ. ನಟ್ಟನಡುವಿನ 11ನೇ ಡಬ್ಬಿಯಲ್ಲಿ ಅಳೆದಾಗ ಬಯಲಿನ ಮಧ್ಯಕ್ಕೆ ಸರಿಯಾಗಿ ಒಂಟಿ ಕಂಬದ ಹಾಗೆ ಒಂದು ಪೀಕ್ ಏಳಬೇಕಿತ್ತು. ಪೀಕ್ ಏಳುತ್ತದೆ, ಆದರೆ ಎಡಗುಡ್ಡದ ಕಡೆಗೆ ಒರಗಿಕೊಂಡು. ಮೈಕನ್ನು ಬೇರೆ ಡಬ್ಬಿಗೆ ಹಾಕಿದರೆ ಅದೂ ಜಾಗ ಬದಲಿಸುತ್ತದೆ.

ಈ ರೇಖೆ ನೋಡಿದ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎರಡು ಮಾತಿನಲ್ಲಿ ಒಂದನ್ನು ಹೇಳುತ್ತಾರೆ: "ಪ್ರಿಂಟ್ ಸರಿ ಬಂದಿಲ್ಲ", ಇಲ್ಲವೇ "ಟೊಪಾಲಜಿಯ ರಕ್ಷಣೆ ಅಂತಾರಲ್ಲ ಸರ್, ಅದು ನಿಜವಾದ ವಸ್ತುವಿನಲ್ಲಿ ನಡೆಯಲ್ಲ". ನಮ್ಮ ಸರಪಳಿಯಲ್ಲಿ ಎರಡೂ ಕಾರಣವಾಗಿರಲಿಲ್ಲ. ಪ್ರಿಂಟ್ ಚೆನ್ನಾಗಿಯೇ ಇತ್ತು. ಟೊಪಾಲಜಿಯ ರಕ್ಷಣೆ ಎಂದರೆ ಜೋಡಣೆಗಳು ಏರುಪೇರಾದರೂ ಪೀಕ್ ನಡುವಿನಿಂದ ಅಲುಗದಿರುವುದು. ಅದು ಯಾವ ಷರತ್ತಿನ ಮೇಲೆ ಸಿಗುತ್ತದೋ ಆ ಷರತ್ತನ್ನು ನಾವು ಡಬ್ಬಿಗಳಿಗೆ ಕೊಟ್ಟೇ ಇರಲಿಲ್ಲ.

ಈ ಪೀಕ್ ಏನು

1976ರಲ್ಲಿ ಭೌತವಿಜ್ಞಾನಿಗಳಾದ ಜಾಕೀವ್ ಮತ್ತು ರೆಬ್ಬಿ ಕಾಗದದ ಮೇಲೆ ಒಂದು ವಿಚಿತ್ರ ಕಣವನ್ನು ಕಂಡರು. ಇಲೆಕ್ಟ್ರಾನಿನಂಥ ಕಣಗಳನ್ನು ವಿವರಿಸುವ ಡಿರಾಕ್ ಸಮೀಕರಣದಲ್ಲಿ ಕಣದ ದ್ರವ್ಯರಾಶಿ ಎಡಗಡೆ ಋಣ, ಬಲಗಡೆ ಧನ ಎಂದಿಟ್ಟುಕೊಳ್ಳಿ. ಚಿಹ್ನೆ ಬದಲಾಗುವ ಜಾಗದಲ್ಲಿ ಶೂನ್ಯ ಶಕ್ತಿಯ ಒಂದು ಸ್ಥಿತಿ ಸಿಕ್ಕಿಬೀಳುತ್ತದೆ. ಮೂರು ವರ್ಷದ ನಂತರ, 1979ರಲ್ಲಿ, ಸು, ಶ್ರೀಫರ್ ಮತ್ತು ಹೀಗರ್ ಪಾಲಿಅಸಿಟಿಲೀನ್ ಎಂಬ ಉದ್ದನೆಯ ಅಣುವಿನಲ್ಲಿ ಇದೇ ಗಣಿತವನ್ನು ತೋರಿಸಿದರು. ಅಲ್ಲಿ ಬಂಧಗಳು ಒಂದು ಬಿಗಿ, ಒಂದು ಸಡಿಲ ಎಂದು ಸಾಲಾಗಿ ಬರುತ್ತವೆ. ಆ ಸರದಿ ಎಲ್ಲಿ ತಪ್ಪುತ್ತದೋ ಅಲ್ಲಿ ಈ ಸ್ಥಿತಿ ಕೂರುತ್ತದೆ.

ಡಬ್ಬಿಗಳಲ್ಲಿ ನಾವು ಮಾಡುವುದು ಅದರ ನಕಲು. ಒಳಗೆ 50 ಮಿ.ಮೀ. ಉದ್ದ, 20 ಮಿ.ಮೀ. ವ್ಯಾಸ, ಎರಡೂ ತುದಿ ಮುಚ್ಚಿದ ಡಬ್ಬಿ. 25 ಡಿಗ್ರಿಯಲ್ಲಿ ಅದರ ಮೊದಲ ಅನುರಣನ ಸುಮಾರು 3465 ಹರ್ಟ್ಸ್‌ಗೆ ಬರುತ್ತದೆ. ಮುಂದಿನದು ಇದರ ಎರಡರಷ್ಟು, ಅಡ್ಡಲಾಗಿ ಆಗುವ ಕಂಪನ 10,000 ಹರ್ಟ್ಸ್‌ಗೂ ಮೇಲೆ. ಹಾಗಾಗಿ ಈ ಆವರ್ತನದ ಹತ್ತಿರ ಬೇರೆ ಯಾರ ಕಿರಿಕಿರಿಯೂ ಇಲ್ಲ. ಪಕ್ಕಪಕ್ಕದ ಡಬ್ಬಿಗಳ ಮೇಲ್ತುದಿಯನ್ನು 10 ಮಿ.ಮೀ. ಉದ್ದದ ನಾಳದಿಂದ ಜೋಡಿಸಿದ್ದೇವೆ. ಅಗಲ ನಾಳ 5.5 ಮಿ.ಮೀ., ಸಣ್ಣ ನಾಳ 3 ಮಿ.ಮೀ. ಸರಪಳಿ ತುದಿಯಲ್ಲಿ ಅಗಲದಿಂದ ಶುರುವಾಗಿ ಅಗಲ, ಸಣ್ಣ, ಅಗಲ, ಸಣ್ಣ ಎಂದು ಸಾಗುತ್ತದೆ. 11ನೇ ಡಬ್ಬಿಯ ಎರಡೂ ಪಕ್ಕ ಮಾತ್ರ ಸಣ್ಣ ನಾಳ, ಆಮೇಲೆ ಸರದಿ ತಿರುಗುಮುರುಗು. ಬೆಸ ಸಂಖ್ಯೆಯ ಡಬ್ಬಿಯ ಬಲಗಡೆ ನಾಳದ ಜೋಡಣೆಯ ಬಲದಿಂದ ಎಡಗಡೆಯದರ ಬಲ ಕಳೆದರೆ ಉಳಿಯುವುದೇ ಡಿರಾಕ್ ಕಣದ "ದ್ರವ್ಯರಾಶಿ". 11ರಲ್ಲಿ ಅದರ ಚಿಹ್ನೆ ಮಗುಚುತ್ತದೆ. ಅಲ್ಲಿ ಸಿಕ್ಕಿಬೀಳುವ ಸ್ಥಿತಿಯೇ ನಮ್ಮ ಪೀಕ್.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಜಾಕೀವ್ ಮತ್ತು ರೆಬ್ಬಿ ಅವರ ಲೆಕ್ಕದಲ್ಲಿ ಇಂಥ ಸ್ಥಿತಿಗೆ ಅರ್ಧ ಕಣದ ಸಂಖ್ಯೆ ಬರುತ್ತದೆ. ನಮ್ಮ ಡಬ್ಬಿಯೊಳಗೆ ಅರ್ಧ ಯಾವುದೂ ಇಲ್ಲ, ಇರುವುದು ಗಾಳಿ. ನಾವು ನಕಲು ಮಾಡುತ್ತಿರುವುದು ಅಲೆಯ ಆಕಾರವನ್ನು ಮತ್ತು ಅದು ಗ್ಯಾಪಿನ, ಅಂದರೆ ಗುಡ್ಡಗಳ ನಡುವಿನ ಬಯಲಿನ, ನಡುವೆ ನಿಲ್ಲುವುದನ್ನು, ಅಷ್ಟನ್ನೇ. ಅದಕ್ಕೇ ಪೀಕ್ ನಡುವೆ ನಿಲ್ಲದಿದ್ದರೆ ನಮ್ಮ ಕೈಯಲ್ಲಿ ತೋರಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಸರಪಳಿ ಮುಟ್ಟುವ ಮೊದಲು

ಮೊದಲು ಕಂಪ್ಯೂಟರಿನ ಕಡೆ ನೋಡಿ. ಸೌಂಡ್ ಕಾರ್ಡ್ ಸೆಕೆಂಡಿಗೆ 48,000 ಸಲ ಅಳೆಯುತ್ತಿದ್ದು, ನೀವು 1024 ಅಳತೆಗಳ ಎಫ್‌ಎಫ್‌ಟಿ (ಸದ್ದನ್ನು ಆವರ್ತನಗಳಾಗಿ ಬಿಡಿಸುವ ಲೆಕ್ಕ) ತೆಗೆದರೆ ಎರಡು ಬಿಂದುಗಳ ನಡುವೆ 47 ಹರ್ಟ್ಸ್ ಅಂತರ ಬೀಳುತ್ತದೆ. ನಾವು ಬೆನ್ನಟ್ಟುತ್ತಿರುವ ತಪ್ಪೇ 33 ಹರ್ಟ್ಸ್! ಬೆಂಡೆಕಾಯಿ ತೂಗಲು ಲಾರಿ ತೂಗುವ ತಕ್ಕಡಿ ತಂದಂತೆ. ಒಂದು ಸೆಕೆಂಡಿನ ಪೂರ್ತಿ ಅಳತೆ ಹಿಡಿದರೆ 1 ಹರ್ಟ್ಸ್‌ಗೆ ಇಳಿಯುತ್ತದೆ. ನಾವು ಈಗ ಎಫ್‌ಎಫ್‌ಟಿ ಬಿಟ್ಟು, 2 ಹರ್ಟ್ಸ್ ಹೆಜ್ಜೆ ಇಡುತ್ತ, ಒಂದೊಂದು ಹೆಜ್ಜೆಗೂ ಸೆಕೆಂಡಿನ ಹತ್ತನೇ ಒಂದು ಭಾಗ ಕಾಯುತ್ತೇವೆ. ಡಬ್ಬಿಯ ಸದ್ದು ಅಡಗಲು ಬೇಕಾಗುವುದು ಕೆಲವೇ ಮಿಲಿಸೆಕೆಂಡ್, ಆದ್ದರಿಂದ ಇಷ್ಟು ಕಾದರೆ ಧಾರಾಳ.

ಆಮೇಲೆ ಸೋರಿಕೆ. ಸ್ಪೀಕರಿನ ಕೊಳವೆಯನ್ನು ಡಬ್ಬಿಯಿಂದ ತೆಗೆದು ಅದರ ಬಾಯಿಗೆ ಮೇಣ ಮೆತ್ತಿ, ಮೈಕನ್ನು ಇದ್ದಲ್ಲೇ ಬಿಟ್ಟು ಇಡೀ ಅಳತೆ ಮತ್ತೊಮ್ಮೆ ಮಾಡಿ. ಆಗಲೂ ರೇಖೆ ಏಳುತ್ತಿದ್ದರೆ ಮೈಕಿಗೆ ಸದ್ದು ಹೊರಗಿನ ಗಾಳಿಯಿಂದ ಬರುತ್ತಿದೆ, ಇಲ್ಲವೇ ತಂತಿಯಿಂದ ತಂತಿಗೆ ಹಾರುತ್ತಿದೆ. ಆವರ್ತನ ಬದಲಾದರೂ ರೇಖೆ ಮಟ್ಟಸವಾಗಿ ಹಾಗೇ ಇದ್ದರೆ ತಪ್ಪು ತಂತಿಯದು.

ಮೈಕ್ ಎಂಬ ಕಳ್ಳ

ನಮ್ಮ ಒಂದು ವಾರ ಹಾಳು ಮಾಡಿದ್ದು ಇದೇ. ಅದಕ್ಕೇ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೈಕನ್ನು 11ರಲ್ಲಿ ಇಟ್ಟಾಗ ಪೀಕ್ 3542ಕ್ಕೆ ಬಂತು, 13ರಲ್ಲಿ ಇಟ್ಟಾಗ 3522ಕ್ಕೆ. ಇಲ್ಲೇ ಗಂಟೆ ಬಾರಿಸಬೇಕಿತ್ತು. ಸ್ಥಿತಿ ಒಂದೇ ಆದರೆ ಎಲ್ಲಿ ಅಳೆದರೂ ಆವರ್ತನ ಒಂದೇ ಇರಬೇಕು, ಎತ್ತರ ಮಾತ್ರ ಬದಲಾಗಬೇಕು. ಮೈಕಿನ ಜಾಗದ ಜೊತೆ ಆವರ್ತನವೂ ಬದಲಾಯಿತು ಎಂದರೆ ಮೈಕು ನೋಡುವುದರ ಜೊತೆಗೆ ಡಬ್ಬಿಯನ್ನು ತಿದ್ದುತ್ತಲೂ ಇದೆ.

ಲೆಕ್ಕ ಸರಳ. 6 ಮಿ.ಮೀ. ವ್ಯಾಸದ ಎಲೆಕ್ಟ್ರೆಟ್ ಮೈಕನ್ನು ಡಬ್ಬಿಯ ತಳದಿಂದ 5 ಮಿ.ಮೀ. ಒಳಕ್ಕೆ ತೂರಿಸಿದ್ದೆವು. ಅದು ನುಂಗುವ ಜಾಗ ಸುಮಾರು 140 ಘನ ಮಿ.ಮೀ., ಅಂದರೆ ಡಬ್ಬಿಯ ಒಟ್ಟು ಗಾಳಿಯ ಶೇಕಡಾ 0.9. ಮುಚ್ಚಿದ ತುದಿಯಲ್ಲಿ ಒತ್ತಡದ ಏರಿಳಿತ ಎಲ್ಲಕ್ಕಿಂತ ಹೆಚ್ಚು. ಅಲ್ಲಿ ಜಾಗ ಕಡಿಮೆಯಾದರೆ ಆವರ್ತನ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಏರುತ್ತದೆ: ಸುಮಾರು 31 ಹರ್ಟ್ಸ್. ತಮಾಷೆಯೆಂದರೆ 11ರಲ್ಲಿ ಮೊದಲೇ ಇದ್ದ ಇನ್ನೊಂದು ದೋಷ ಆವರ್ತನವನ್ನು ಕೆಳಕ್ಕೆ ಎಳೆಯುತ್ತಿತ್ತು. ಮೈಕು ಅದನ್ನು ಮೇಲಕ್ಕೆತ್ತಿ ಮುಚ್ಚಿಹಾಕಿತ್ತು. ನಡುವಿನ ಡಬ್ಬಿಯಲ್ಲಿ ಅಳೆದಾಗ ಎಲ್ಲ ಸುಮಾರಾಗಿ ಸರಿ ಎನಿಸುತ್ತಿತ್ತು. ಪಕ್ಕದಲ್ಲಿ ಅಳೆದ ದಿನ ಗೊಂದಲ.

ಪರಿಹಾರ: ಮೈಕಿನ ಮುಖ ಡಬ್ಬಿಯ ತಳದ ಮಟ್ಟಕ್ಕೆ ಸರಿಯಾಗಿ ಕೂರಬೇಕು, ಒಳಗೆ ಚಾಚಬಾರದು. ಮೈಕಿಲ್ಲದ ಡಬ್ಬಿಗಳ ತೂತಿಗೂ ಅದೇ ಮಟ್ಟದ ಬಿರಡೆ ಹಾಕಿ. ಇದಾದ ಮೇಲೆ ನಮ್ಮ ಪೀಕ್ ಎಲ್ಲ ಡಬ್ಬಿಗಳಲ್ಲೂ 3519ಕ್ಕೆ ನಿಂತಿತು. ತಪ್ಪು ಜಾಗದಲ್ಲೇ, ಆದರೆ ಒಂದೇ ಜಾಗದಲ್ಲಿ. ಅಲ್ಲಿಂದ ಮುಂದೆ ಹುಡುಕುವುದು ಸುಲಭವಾಯಿತು.

ಪೀಕ್ ಪೂರ್ತಿ ಮಾಯವಾಗಿದ್ದರೆ

ಕೆಲವೊಮ್ಮೆ ಪೀಕ್ ಸರಿಯುವುದಿಲ್ಲ, ಇರುವುದೇ ಇಲ್ಲ. ಆಗ ಮೊದಲ ಪ್ರಶ್ನೆ: ಸದ್ದು ಯಾವ ಡಬ್ಬಿಗೆ ಕೊಟ್ಟಿರಿ? ಈ ಸ್ಥಿತಿ ಬೆಸ ಸಂಖ್ಯೆಯ ಡಬ್ಬಿಗಳಲ್ಲಿ ಮಾತ್ರ ಇರುತ್ತದೆ. 10ನೇ ಡಬ್ಬಿಗಾಗಲಿ 12ನೆಯದಕ್ಕಾಗಲಿ ಎಷ್ಟು ಜೋರಾಗಿ ಊದಿದರೂ ಅದು ಏಳುವುದಿಲ್ಲ. ಒಂದು ಸ್ಥಾನ ಎಣಿಕೆ ತಪ್ಪಿ 12ಕ್ಕೆ ಸ್ಪೀಕರ್ ಹಾಕಿ ಇಡೀ ಮಧ್ಯಾಹ್ನ ಕಳೆದವರನ್ನು ನಾನು ಬಲ್ಲೆ. (ನಾನೇ.)

ಎರಡನೆಯದು ನಾಳಗಳ ಸರದಿ. ಪ್ರಿಂಟ್‌ಗೆ ಕಳಿಸುವ ಫೈಲಿನಲ್ಲಿ ಅಗಲ ಮತ್ತು ಸಣ್ಣ ಅದಲುಬದಲಾದರೆ 11ರ ಎರಡೂ ಪಕ್ಕ ಅಗಲ ನಾಳ ಬರುತ್ತದೆ. ಆಗಲೂ ನಡುವೆ ಒಂದು ಸ್ಥಿತಿ ಇರುತ್ತದೆ, ಆದರೆ ಅದು 10 ಮತ್ತು 12ರಲ್ಲಿ ಎದುರುಬದುರು ಚಿಹ್ನೆಯಲ್ಲಿ ಕೂರುತ್ತದೆ, 11ರಲ್ಲಿ ಸೊನ್ನೆ. ಅದರ ಜೊತೆಗೆ ಸರಪಳಿಯ ಎರಡು ತುದಿಗಳಲ್ಲೂ ಒಂದೊಂದು ಹೊಸ ಸ್ಥಿತಿ ಹುಟ್ಟುತ್ತದೆ. ಬೆಸ ಡಬ್ಬಿ 11, ಸಮ ಡಬ್ಬಿ 10, ವ್ಯತ್ಯಾಸ 1. ಬೆಸ ಕಡೆ ಎರಡು ಸ್ಥಿತಿ, ಸಮ ಕಡೆ ಒಂದು. ಕಳೆದರೆ ಮತ್ತೆ ಅದೇ 1. ಈ ಲೆಕ್ಕ ಎಂದೂ ತಪ್ಪುವುದಿಲ್ಲ. 1ನೇ ಡಬ್ಬಿಯಲ್ಲಿ ಗ್ಯಾಪಿನೊಳಗೆ ಪೀಕ್ ಕಂಡರೆ ಫೈಲನ್ನು ತೆರೆದು ನೋಡಿ.

ಮೂರನೆಯದು ನಷ್ಟ. ನಮ್ಮ ಡಬ್ಬಿಯ ಕ್ಯೂ ಮೌಲ್ಯ (ನಷ್ಟ ಕಡಿಮೆಯಾದಷ್ಟೂ ಏರುವ ಅಂಕಿ) ಸುಮಾರು 70, ಅಂದರೆ ಪೀಕಿನ ಅಗಲ ಸುಮಾರು 50 ಹರ್ಟ್ಸ್. ಗ್ಯಾಪ್ 120 ಹರ್ಟ್ಸ್. ಅಷ್ಟರಲ್ಲಿ ಹೇಗೋ ಹಿಡಿಸುತ್ತದೆ. ಕ್ಯೂ 30ಕ್ಕೆ ಇಳಿದರೆ ಪೀಕಿನ ಅಗಲವೇ ಗ್ಯಾಪಿನಷ್ಟಾಗಿ ಎರಡು ಗುಡ್ಡವೂ ಕಂಬವೂ ಕಲಸಿಹೋಗುತ್ತವೆ. ಗೋಡೆಗೆ ಅಂಟಿಕೊಂಡ ಗಾಳಿಯ ತೆಳು ಪದರದಲ್ಲಿ ಆಗುವ ನಷ್ಟ ತಪ್ಪಿಸಲಾಗದ್ದು. ಈ ಆವರ್ತನದಲ್ಲಿ ಆ ಪದರ 0.04 ಮಿ.ಮೀ. ದಪ್ಪ, ಅದೊಂದೇ ಇದ್ದರೆ ಕ್ಯೂ ನೂರನ್ನು ದಾಟುತ್ತಿತ್ತು. ಉಳಿದದ್ದು ಗಾಳಿ ಸೋರುವುದರಿಂದ. ತಂತು ಕರಗಿಸಿ ಪದರ ಪದರವಾಗಿ ಕಟ್ಟುವ ಪ್ರಿಂಟರಿನ ಗೋಡೆ ಕಣ್ಣಿಗೆ ಗಟ್ಟಿ ಕಾಣುತ್ತದೆ, ಗಾಳಿಗೆ ಜಾಲರಿ. ಡಬ್ಬಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಒಂದು ತೂತಿನಿಂದ ಊದಿ, ಪಂಕ್ಚರ್ ಅಂಗಡಿಯವರು ಟ್ಯೂಬ್ ನೋಡುವ ಹಾಗೆ. ಗುಳ್ಳೆ ಬಂದ ಕಡೆ ವಾರ್ನಿಷ್ ಅಥವಾ ಎಪಾಕ್ಸಿ ಬಳಿಯಿರಿ.

ಬಿಸಿಲನ್ನೂ ಮರೆಯಬೇಡಿ. ಒಂದು ಡಿಗ್ರಿ ಏರಿದರೆ ಡಬ್ಬಿಯ ಆವರ್ತನ ಸುಮಾರು 6 ಹರ್ಟ್ಸ್ ಏರುತ್ತದೆ. ಇಡೀ ಕೋಣೆ ಬಿಸಿಯಾದರೆ ಎಲ್ಲ ಡಬ್ಬಿಗಳೂ ಒಟ್ಟಿಗೆ ಏರುತ್ತವೆ, ತೊಂದರೆಯಿಲ್ಲ, ಗ್ಯಾಪೂ ಪೀಕೂ ಜೊತೆಯಲ್ಲೇ ಸರಿಯುತ್ತವೆ. ತೇವಾಂಶವೂ ಹಾಗೆಯೇ. ಆದರೆ 62 ಸೆಂ.ಮೀ. ಸರಪಳಿಯ ಒಂದು ತುದಿಗೆ ಮಾತ್ರ ಕಿಟಕಿಯ ಬಿಸಿಲು ಬಿದ್ದು ಮೂರು ಡಿಗ್ರಿ ವ್ಯತ್ಯಾಸವಾದರೆ ಆ ತುದಿಗೂ ಈ ತುದಿಗೂ 17 ಹರ್ಟ್ಸ್ ಏರುಪೇರು.

ನಿಜವಾದ ಕಾರಣ: ಎರಡೇ ಡಬ್ಬಿಗಳ ಪರೀಕ್ಷೆ

ಮೇಲಿನದೆಲ್ಲ ಸರಿಪಡಿಸಿಯೂ ಪೀಕ್ 3519ರಲ್ಲೇ ಕೂತಿತ್ತು. ಗುಡ್ಡಗಳ ಅಂಚು 3492 ಮತ್ತು 3612. ನಡು 3552. ಅಂದರೆ 33 ಹರ್ಟ್ಸ್ ಕೆಳಗೆ.

ಈ ಹಂತದಲ್ಲಿ ಇಡೀ ಸರಪಳಿಯನ್ನು ಪಕ್ಕಕ್ಕಿಡಿ. ಒಂದೇ ಡಬ್ಬಿ, ಆಮೇಲೆ ಅಗಲ ನಾಳದಿಂದ ಸೇರಿಸಿದ ಎರಡು ಡಬ್ಬಿ, ಆಮೇಲೆ ಸಣ್ಣ ನಾಳದಿಂದ ಸೇರಿಸಿದ ಎರಡು ಡಬ್ಬಿ, ಇಷ್ಟನ್ನು ಬೇರೆಯಾಗಿ ಪ್ರಿಂಟ್ ಮಾಡಿ. ನಮಗೆ ಸಿಕ್ಕ ಅಂಕಿಗಳು: ಒಂಟಿ ಡಬ್ಬಿ 3465. ಅಗಲ ನಾಳದ ಜೋಡಿ 3440 ಮತ್ತು 3620. ಸಣ್ಣ ನಾಳದ ಜೋಡಿ 3457 ಮತ್ತು 3517. ಈ ಕೊನೆಯ ಜೋಡಿಯ ಎರಡು ಪೀಕ್ ಒಂದಕ್ಕೊಂದು ತಾಗಿಕೊಂಡೇ ಬರುತ್ತವೆ, ಎರಡು ಗಂಟೆಯಾಕಾರದ ರೇಖೆಗಳನ್ನು ಕೂಡಿಸಿ ಹೊಂದಿಸಿದರೆ ಬಿಡಿಸಬಹುದು.

ಜೋಡಿಯ ಎರಡು ಪೀಕ್‌ಗಳ ಅಂತರದ ಅರ್ಧವೇ ಜೋಡಣೆಯ ಬಲ. ಅಗಲಕ್ಕೆ 90 ಹರ್ಟ್ಸ್, ಸಣ್ಣದಕ್ಕೆ 30. ನಾವು ಬಯಸಿದ್ದೂ ಇದೇ, ಮೂರಕ್ಕೆ ಒಂದು. ಎಲ್ಲರೂ ಇಲ್ಲಿಗೆ ಲೆಕ್ಕ ಮುಗಿಸಿ ಎದ್ದುಹೋಗುತ್ತಾರೆ. ಕೂತು ಇನ್ನೊಂದು ಸಾಲು ಬರೆಯಿರಿ: ಎರಡು ಪೀಕ್‌ಗಳ ಸರಾಸರಿ ಎಷ್ಟು? ಅಗಲದ ಜೋಡಿಯಲ್ಲಿ 3530, ಸಣ್ಣದರಲ್ಲಿ 3487. ಒಂಟಿ ಡಬ್ಬಿಯ 3465 ಎಲ್ಲೂ ಇಲ್ಲ. ನಾಳ ಎರಡು ಡಬ್ಬಿಗಳನ್ನು ಬೆಸೆಯುವುದರ ಜೊತೆಗೆ ಪ್ರತಿ ಡಬ್ಬಿಯ ಸ್ವಂತ ಆವರ್ತನವನ್ನೂ ಏರಿಸುತ್ತದೆ. ಅಗಲ ನಾಳ 65 ಹರ್ಟ್ಸ್, ಸಣ್ಣ ನಾಳ 22.

ಹೀಗೇಕೆ? ಎರಡು ಡಬ್ಬಿಗಳೂ ಒಟ್ಟಿಗೆ ಉಸಿರಾಡುವಾಗ ನಾಳದಲ್ಲಿ ಗಾಳಿ ಓಡಾಡುವುದಿಲ್ಲ. ನಾಳದ ಜಾಗ ಮಾತ್ರ ಡಬ್ಬಿಗೆ ಸೇರಿಕೊಂಡು ಆವರ್ತನ ಸ್ವಲ್ಪ ಇಳಿಯುತ್ತದೆ. ಒಂದು ಉಬ್ಬುವಾಗ ಇನ್ನೊಂದು ತಗ್ಗಿದರೆ ಗಾಳಿ ನಾಳದಲ್ಲಿ ಅತ್ತಿಂದಿತ್ತ ಓಡುತ್ತದೆ, ಆವರ್ತನ ಬಹಳ ಏರುತ್ತದೆ. ಒಂದರ ಇಳಿತ ಕಡಿಮೆ, ಇನ್ನೊಂದರ ಏರಿಕೆ ಹೆಚ್ಚು. ಹಾಗಾಗಿ ಸರಾಸರಿ ಮೇಲಕ್ಕೆ ಸರಿಯುತ್ತದೆ.

ಈಗ ಸರಪಳಿಗೆ ಮರಳಿ. ಒಳಗಿನ ಎಲ್ಲ ಡಬ್ಬಿಗಳಿಗೂ ಒಂದು ಅಗಲ, ಒಂದು ಸಣ್ಣ ನಾಳ: 65 ಮತ್ತು 22 ಸೇರಿ 87 ಹರ್ಟ್ಸ್ ಏರಿಕೆ, 3552. ಗ್ಯಾಪಿನ ನಡು ಇದೇ. 11ಕ್ಕೆ ಮಾತ್ರ ಎರಡೂ ಸಣ್ಣ: 44 ಏರಿಕೆ. ಉಳಿದವರಿಗಿಂತ 43 ಹರ್ಟ್ಸ್ ಕೆಳಗೆ! ನಾವು ಕಣವನ್ನು ಕೂರಿಸಬೇಕೆಂದಿದ್ದ ಮಣೆಯನ್ನೇ ತಗ್ಗಿನಲ್ಲಿ ಹಾಕಿದ್ದೆವು. ಸ್ಥಿತಿಯ ಬಹುಪಾಲು ಆ ಡಬ್ಬಿಯಲ್ಲೇ ಇರುವುದರಿಂದ ಅದೂ ಜೊತೆಗೆ ಕೆಳಗಿಳಿಯಿತು. 43ರ ತಗ್ಗಿಗೆ ಪೂರ್ತಿ ಲೆಕ್ಕ ಹಾಕಿದರೆ ಪೀಕ್ 33 ಹರ್ಟ್ಸ್ ಇಳಿಯಬೇಕು. ಇಳಿದದ್ದೂ ಅಷ್ಟೇ.

ಪುಸ್ತಕದಲ್ಲಿ "ಕೈರಲ್ ಸಮಮಿತಿ" ಎಂದು ಒಂದೇ ಪದದಲ್ಲಿ ದಾಟಿಸುವ ಷರತ್ತು ಇದೇ: ಎಲ್ಲ ಡಬ್ಬಿಗಳ ಸ್ವಂತ ಆವರ್ತನ ಒಂದೇ ಆಗಿರಬೇಕು. ಜೋಡಣೆಗಳು ಎಷ್ಟು ಏರುಪೇರಾದರೂ ಗ್ಯಾಪ್ ಮುಚ್ಚದಿರುವವರೆಗೆ ಪೀಕ್ ನಡುವಿನಿಂದ ಅಲುಗುವುದಿಲ್ಲ, ರಕ್ಷಣೆ ಇರುವುದು ಅದಕ್ಕೆ. ಡಬ್ಬಿಯ ಆವರ್ತನವೇ ತಪ್ಪಿದರೆ ಯಾವ ರಕ್ಷಣೆಯೂ ಇಲ್ಲ. ಕಣ ಭೌತಶಾಸ್ತ್ರದ ಕಡೆಯೂ ಇದಕ್ಕೊಂದು ಸೋದರ ಕಥೆ ಇದೆ. 1981ರಲ್ಲಿ ಗೋಲ್ಡ್‌ಸ್ಟೋನ್ ಮತ್ತು ವಿಲ್‌ಚೆಕ್ ಈ ಬಗೆಯ ಸಮಮಿತಿಯನ್ನು ಬೇಕೆಂದೇ ಮುರಿದಾಗ ಅರ್ಧದ ಬದಲು ಬೇರೆ ಭಿನ್ನರಾಶಿಗಳೂ ಬರುತ್ತವೆ ಎಂದು ತೋರಿಸಿದರು. ಅದಕ್ಕೆ ಬೆಸ ಡಬ್ಬಿಗಳನ್ನೆಲ್ಲ ಮೇಲಕ್ಕೂ ಸಮ ಡಬ್ಬಿಗಳನ್ನೆಲ್ಲ ಕೆಳಕ್ಕೂ ಸರಿಸಬೇಕು. ನಮ್ಮದು ಒಂದೇ ಡಬ್ಬಿಯ ಎಡವಟ್ಟು. ಅದಕ್ಕೆ ಅಷ್ಟು ದೊಡ್ಡ ಹೆಸರು ಕೊಡಬೇಕಿಲ್ಲ.

ತಿದ್ದುವುದು

ಮೃದಂಗದವರಿಗೆ ಈ ವಿದ್ಯೆ ಹೊಸದಲ್ಲ. ಎಡದ ಮುಚ್ಚಿಗೆಗೆ ರವೆ ಕಲಸಿ ಮೆತ್ತಿ ಸ್ವರ ಇಳಿಸುತ್ತಾರೆ, ಬಲಕ್ಕೆ ಕರಣೆ ಇದೆ. ಡಬ್ಬಿಯಲ್ಲಿ ವ್ಯತ್ಯಾಸವೇನೆಂದರೆ ಎಲ್ಲಿ ಮೆತ್ತುತ್ತೀರಿ ಎಂಬುದರ ಮೇಲೆ ಸ್ವರ ಏರುತ್ತದೋ ಇಳಿಯುತ್ತದೋ ತೀರ್ಮಾನವಾಗುತ್ತದೆ. ತುದಿಯಲ್ಲಿ ಮೆತ್ತಿದರೆ ಏರುತ್ತದೆ. ಗಾಳಿ ಅತಿ ವೇಗವಾಗಿ ಓಡುವ ನಡುಭಾಗದಲ್ಲಿ ಮೆತ್ತಿದರೆ ಇಳಿಯುತ್ತದೆ.

11ನೆಯದನ್ನು 43 ಹರ್ಟ್ಸ್ ಏರಿಸಬೇಕು, ಅಂದರೆ ಉದ್ದ 0.62 ಮಿ.ಮೀ. ಕಡಿಮೆಯಾಗಬೇಕು. ಹೊಸದಾಗಿ ಪ್ರಿಂಟ್ ಮಾಡುವವರು 49.4 ಎಂದು ಹಾಕಿದರೆ ಸಾಕು. ಈಗಾಗಲೇ ಇರುವ ಸರಪಳಿಗೆ ನಾವು ಮಾಡಿದ್ದು: ಅವಧಿ ಮುಗಿದ ಎಟಿಎಂ ಕಾರ್ಡಿನಿಂದ 20 ಮಿ.ಮೀ. ಬಿಲ್ಲೆ ಕತ್ತರಿಸಿದೆವು. ಕಾರ್ಡಿನ ದಪ್ಪ 0.76 ಮಿ.ಮೀ., ಅದು 53 ಹರ್ಟ್ಸ್ ಕೊಡುತ್ತದೆ, ಹತ್ತು ಜಾಸ್ತಿ. ಮರಳು ಕಾಗದದ ಮೇಲೆ ಉಜ್ಜಿ 0.6ಕ್ಕೆ ಇಳಿಸಿ, ಮೈಕು ಮತ್ತು ಸ್ಪೀಕರಿನ ತೂತಿಗೆ ಜಾಗ ಕೊರೆದು, ತಳಕ್ಕೆ ಅಂಟಿಸಿದೆವು. ತುದಿಯ 1 ಮತ್ತು 21ಕ್ಕೂ ಒಂದೊಂದು ಸಣ್ಣ ನಾಳ ಕಡಿಮೆ ಇದೆ, ಅಲ್ಲಿ 22 ಹರ್ಟ್ಸ್ ಕೊರತೆ, 0.3 ಮಿ.ಮೀ. ಅದನ್ನು ಬಿಟ್ಟರೂ ನಡುವಿನ ಪೀಕಿಗೆ ಏನೂ ಆಗುವುದಿಲ್ಲ, ಗುಡ್ಡಗಳ ಅಂಚಿನ ಆಕಾರ ಸ್ವಲ್ಪ ಕೆಡುತ್ತದೆ, ಅಷ್ಟೆ.

ಇನ್ನೊಂದು ಸಣ್ಣ ವಿಷಯ. ಪ್ರಿಂಟಿನಲ್ಲಿ ತೂತುಗಳು ಕಿರಿದಾಗಿ ಬರುತ್ತವೆ. 3 ಮಿ.ಮೀ. ನಾಳ 2.8 ಆಗಿ ಬಂದರೆ ಅದರ ಅಡ್ಡಕೊಯ್ತದ ವಿಸ್ತೀರ್ಣ ಶೇಕಡಾ 13ರಷ್ಟು ಇಳಿಯುತ್ತದೆ. ಎರಡು ಡಬ್ಬಿಗಳ ಪರೀಕ್ಷೆಗೂ ಮೊದಲೇ ಎಲ್ಲ ನಾಳಗಳಿಗೂ ಸರಿಯಾದ ಅಳತೆಯ ಡ್ರಿಲ್ ಬಿಟ್ಟನ್ನು ಕೈಯಲ್ಲೇ ತಿರುಗಿಸಿ ತೆಗೆಯಿರಿ.

ಸರಿಯಾಯಿತೆಂದು ತಿಳಿಯುವುದು ಹೇಗೆ

ಪೀಕ್ 3552ಕ್ಕೆ ಬಂದರೆ ಮಾತ್ರ ಸಾಲದು. ಎರಡು ತಪ್ಪು ಸೇರಿ ಒಂದು ಸರಿಯಾಗುವುದನ್ನು ಮೈಕಿನ ಕಥೆಯಲ್ಲಿ ನೋಡಿದ್ದೇವೆ. ಮೊದಲು ಎತ್ತರ ನೋಡಿ: 11ರಿಂದ 9ಕ್ಕೆ, 9ರಿಂದ 7ಕ್ಕೆ ಹೋಗುವಾಗ ಒತ್ತಡ ಪ್ರತಿ ಸಲ ಮೂರನೇ ಒಂದಕ್ಕೆ ಇಳಿಯಬೇಕು, ಡೆಸಿಬೆಲ್‌ನಲ್ಲಿ ಸುಮಾರು 9.5, ಮತ್ತು ಚಿಹ್ನೆ ಮಗುಚಬೇಕು. ನಷ್ಟವಿರುವ ಡಬ್ಬಿಗಳಲ್ಲಿ ಇದು ಕರಾರುವಾಕ್ಕಾಗಿ ಬರುವುದಿಲ್ಲ, ಆದರೆ ಮೊದಲ ಎರಡು ಹೆಜ್ಜೆ ಸರಿಯಾಗಿರಬೇಕು.

ಆಮೇಲೆ ಬೇಕೆಂದೇ ಕೆಡಿಸಿ ನೋಡಿ. ಉಜ್ಜದ ಇನ್ನೊಂದು ಕಾರ್ಡ್ ಬಿಲ್ಲೆಯನ್ನು ತಾತ್ಕಾಲಿಕವಾಗಿ 10ನೇ ಡಬ್ಬಿಗೆ ಹಾಕಿ. ಆ ಡಬ್ಬಿಯ ಆವರ್ತನ 53 ಹರ್ಟ್ಸ್ ಏರಿದರೂ ಪೀಕ್ ಅಲುಗಬಾರದು, ಏಕೆಂದರೆ ಅದು ಅಲ್ಲಿ ಇಲ್ಲವೇ ಇಲ್ಲ. ಅದೇ ಬಿಲ್ಲೆಯನ್ನು 9ಕ್ಕೆ ಹಾಕಿದರೆ ಸುಮಾರು 5 ಹರ್ಟ್ಸ್ ಮೇಲಕ್ಕೆ. 11ಕ್ಕೆ ಹಾಕಿದರೆ ನಲವತ್ತರ ಆಸುಪಾಸು, ಈ ಸಲ ಬಲಗುಡ್ಡದ ಕಡೆಗೆ. ನಮ್ಮ ಸರಪಳಿಯಲ್ಲಿ 10ಕ್ಕೆ ಹಾಕಿದಾಗ ಪೀಕ್ 2 ಹರ್ಟ್ಸ್ ಸರಿಯಿತು. ನಮ್ಮ ಹೆಜ್ಜೆಯೇ 2 ಹರ್ಟ್ಸ್ ಆದ್ದರಿಂದ ಅದನ್ನು ಹಾಗೇ ಬಿಟ್ಟೆವು.